ನೆರಳು ಗಿಡ್ಡಾಗುವ ಹೊತ್ತು

ಕಲಬುರಗಿಯಲ್ಲಿ ವರ್ಷಕ್ಕೆರಡು ಸಲ ಮಟಮಟ ಮಧ್ಯಾಹ್ನ ಮನುಷ್ಯನ ನೆರಳು ಅವನ ಕಾಲಡಿಗೇ ಸೇರಿಬಿಡುತ್ತದೆ. ಮೇ ಎರಡನೇ ವಾರದಲ್ಲಿ ಒಮ್ಮೆ, ಆಗಸ್ಟ್ ಮೊದಲಲ್ಲಿ ಇನ್ನೊಮ್ಮೆ. ಏಪ್ರಿಲ್ ಬಂತೆಂದರೆ ಸರ್ಕಾರಿ ಕಚೇರಿಗಳೂ ಬೆಳಗಿನ 8ಕ್ಕೇ ಬಾಗಿಲು ತೆಗೆಯುವ ನಾಡಿದು. ಇಂಥಲ್ಲಿ ಮನೆಯ ಮುತ್ಯಾನ ರಕ್ತಪರೀಕ್ಷೆಯ ಚೀಟಿಯಲ್ಲಿ ಎಲುಬು ಗಟ್ಟಿಯಾಗಿಡುವ ವಿಟಮಿನ್ ಡಿ, 20 ಆದರೂ ಇರಬೇಕಾದಲ್ಲಿ, 9 ಎಂದೋ 12 ಎಂದೋ ಬಂದರೆ ಯಾರಿಗೂ ನಂಬಿಕೆ ಬರುವುದಿಲ್ಲ. "ಇಷ್ಟು ಬಿಸಿಲಾಗ ಡಿ ಹ್ಯಾಂಗ ಕಮ್ಮಿ ಆಗ್ತದ್ರಿ?" ಎಂಬ ಪ್ರಶ್ನೆ ಸಹಜವೇ. ಬಿಸಿಲು ಊರಿಗೆ ಬಿದ್ದರೆ ಸಾಲದು, ಮೈಮೇಲೆ ಬೀಳಬೇಕು. ಅದೂ ಸರಿಯಾದ ಹೊತ್ತಿನಲ್ಲಿ ಬೀಳಬೇಕು. ನಮ್ಮ ಹಿರಿಯರು ಬಿಸಿಲಿಗೆ ಕೂರುವ ಹೊತ್ತು ಮಾತ್ರ ಡಿ ಹುಟ್ಟದ ಹೊತ್ತು.

ಬೆಳಗಿನ ಎಳೆಬಿಸಿಲು ಒಳ್ಳೆಯದು ಎಂಬ ಮಾತು ಎಲ್ಲ ಮನೆಗಳಲ್ಲೂ ಇದೆ. ಚಳಿಗೆ ಅದು ಹಿತ, ನಿದ್ದೆಯ ಲಯಕ್ಕೂ ಒಳ್ಳೆಯದು. ಆದರೆ ಚರ್ಮದಲ್ಲಿ ಡಿ ತಯಾರಾಗಲು ಬೇಕಾದದ್ದು ಅತಿನೇರಳೆ ಕಿರಣಗಳಲ್ಲಿ 'ಬಿ' ಎನ್ನುವ ಕಿರಿದಾದ ಪಟ್ಟಿ, ಸುಮಾರು 290ರಿಂದ 315 ನ್ಯಾನೊಮೀಟರ್‌ವರೆಗಿನದು. ಸೂರ್ಯ ಓರೆಯಾಗಿದ್ದಾಗ ಈ ಕಿರಣ ಗಾಳಿಯ ದಪ್ಪ ಪದರವನ್ನು ದಾಟಿ ಬರಬೇಕು. ದಾರಿಯಲ್ಲಿ ಬಹುಪಾಲನ್ನು ಓಝೋನ್ ಹೀರಿಕೊಳ್ಳುತ್ತದೆ. 7 ಗಂಟೆಯ ಬಿಸಿಲಿನಲ್ಲಿ ಬೆಳಕಿದೆ, ಕಾವೂ ಇದೆ, ಈ ಕಿರಣ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಇದನ್ನು ತಿಳಿಯಲು ಯಂತ್ರ ಬೇಕಿಲ್ಲ. ನಿಂತ ಮನುಷ್ಯನ ನೆರಳು ಅವನ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲೆ ಬಂದಿದ್ದಾನೆ, ಡಿ ಹುಟ್ಟುತ್ತದೆ. ನೆರಳು ಉದ್ದವಾಗಿದ್ದರೆ ಅದು ಬರೀ ಚಳಿ ಕಾಯಿಸುವ ಬಿಸಿಲು.

ನಮ್ಮ ಅಕ್ಷಾಂಶಕ್ಕೆ, ಅಂದರೆ 17 ಡಿಗ್ರಿಯ ಆಸುಪಾಸಿಗೆ, ಈ ಹೊತ್ತನ್ನು ಲೆಕ್ಕ ಹಾಕಿ ಹೇಳಬಹುದು. ಮೇ ತಿಂಗಳಲ್ಲಿ ಬೆಳಿಗ್ಗೆ 9:15ರ ಸುಮಾರಿಗೆ ನೆರಳು ಮೈಗಿಂತ ಗಿಡ್ಡಾಗುತ್ತದೆ, ಮಧ್ಯಾಹ್ನ 3:30ರವರೆಗೆ ಹಾಗೇ ಇರುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ 9:45ರಿಂದ 3ರವರೆಗೆ. ಡಿಸೆಂಬರ್ ಕೊನೆಯಲ್ಲಿ ಬೆಳಿಗ್ಗೆ 11ರಿಂದ ಮಧ್ಯಾಹ್ನ 1:30ರವರೆಗೆ ಮಾತ್ರ. ಬೀದರ್, ಯಾದಗಿರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ, ಕೆಲವು ನಿಮಿಷಗಳ ವ್ಯತ್ಯಾಸ. ಚಳಿಗಾಲದಲ್ಲಿ 8ಕ್ಕೆ ಕಟ್ಟೆಯ ಮೇಲೆ ಕೂತು 9:30ಕ್ಕೆ ಒಳಗೆ ಹೋಗುವ ಅಜ್ಜನಿಗೆ ಒಂದೂವರೆ ತಾಸು ಬಿಸಿಲು ಸಿಕ್ಕಿರುತ್ತದೆ, ಡಿ ಹತ್ತಿರ ಹತ್ತಿರ ಸೊನ್ನೆ. ಅದೇ ಅಜ್ಜ 11:30ಕ್ಕೆ ಅರ್ಧ ತಾಸು ಕೂತಿದ್ದರೆ ಕೆಲಸ ಆಗುತ್ತಿತ್ತು.

ಹಳ್ಳಿಯಲ್ಲಿ ಹೊಲಕ್ಕೆ ಹೋಗುವವರೆಗೆ ಈ ಲೆಕ್ಕ ತಾನಾಗಿಯೇ ಸರಿಹೋಗುತ್ತಿತ್ತು. ಎಳ್ಳಮಾವಾಸ್ಯೆಯ ದಿನ ಇಡೀ ಮನೆ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ಕಡಬು ಬಿಚ್ಚಿಕೊಂಡು ಕೂರುವ ಹೊತ್ತು ಡಿಸೆಂಬರ್-ಜನವರಿಯ ಆ ಕಿರಿದಾದ ಹೊತ್ತೇ. ಮೊಣಕಾಲು ಸೋತು ಹೊಲ ಬಿಟ್ಟ ಮೇಲೆ, ಮಗನ ಜೊತೆ ಪಟ್ಟಣದ ಮನೆಯ ಎರಡನೇ ಮಹಡಿ ಸೇರಿದ ಮೇಲೆ ವರ್ಷದಲ್ಲಿ ಆ ಒಂದು ದಿನವೂ ಉಳಿಯುವುದಿಲ್ಲ.

ವಯಸ್ಸು ಇನ್ನೊಂದು ಕಡೆಯಿಂದ ಕೊಯ್ಯುತ್ತದೆ. ಚರ್ಮದಲ್ಲಿರುವ 7-ಡಿಹೈಡ್ರೊಕೊಲೆಸ್ಟೆರಾಲ್ ಎಂಬ ಕಚ್ಚಾವಸ್ತು ಈ ಕಿರಣ ತಾಗಿ ಡಿ ಆಗಿ ಮಾರ್ಪಡುತ್ತದೆ. ಚರ್ಮ ತೆಳುವಾದಂತೆ ಈ ಕಚ್ಚಾವಸ್ತು ಕರಗುತ್ತದೆ. 70 ದಾಟಿದವರ ಚರ್ಮ 20ರ ಹರೆಯದ ಚರ್ಮದ ಅರ್ಧಕ್ಕಿಂತ ಕಡಿಮೆ ಡಿ ಮಾಡುತ್ತದೆ. ನಮ್ಮ ಕಂದು ಬಣ್ಣ ಸುಡುವುದರಿಂದ ಕಾಪಾಡುವಂತೆಯೇ ಈ ಕಿರಣವನ್ನೂ ತಡೆಯುತ್ತದೆ. ಮೇಲೆ ತಲೆಯ ರುಮಾಲು, ತುಂಬುತೋಳಿನ ಅಂಗಿ, ಪಾದದವರೆಗಿನ ಧೋತರ. ಹೆಣ್ಣುಮಕ್ಕಳಿಗೆ ತಲೆಯ ಮೇಲಿನ ಸೆರಗು ಅಥವಾ ಬುರ್ಖಾ. ಬಿಸಿಲಿಗೆ ಸಿಗುವುದು ಮುಖ, ಅಂಗೈ ಹಿಂಭಾಗ, ಅಷ್ಟೇ. ಅಷ್ಟಗಲದ ಚರ್ಮದಿಂದ ದಿನದ ಪಾಲು ಹುಟ್ಟುವುದಿಲ್ಲ. ಕಿಟಕಿಯ ಗಾಜಿನ ಹಿಂದೆ ಕೂತರೆ ಅದೂ ಇಲ್ಲ, ಗಾಜು ಈ ಕಿರಣವನ್ನು ಪೂರಾ ತಡೆಯುತ್ತದೆ.

ಮೊಣಕೈವರೆಗೆ ತೋಳು, ಮೊಣಕಾಲಿನಿಂದ ಕೆಳಗೆ ಕಾಲು, ಆಗುವುದಾದರೆ ಬೆನ್ನನ್ನೂ ಬಿಸಿಲಿಗೆ ಕೊಟ್ಟು ವಾರದಲ್ಲಿ ನಾಲ್ಕೈದು ದಿನ 20ರಿಂದ 30 ನಿಮಿಷ ಕೂತರೆ ಸಾಕು. ಗಂಡಸರಿಗೆ ಅಂಗಿ, ಬನಿಯನ್ ತೆಗೆದು ಬೆನ್ನು ಮಾಡುವುದು ಸುಲಭ. ಹೆಂಗಸರಿಗೆ ಮಾಳಿಗೆಯ ಮೇಲೆ ಒಂದು ಮೂಲೆಗೆ ಹಳೆಯ ಸೀರೆಯ ಮರೆ ಕಟ್ಟಿಕೊಡಬೇಕಾಗುತ್ತದೆ. ಆ ಮರೆ ಕಟ್ಟಿಕೊಡದೆ "ಬಿಸಿಲಿಗೆ ಕೂಡಬೇ" ಎಂದು ಆಯಿಗೆ ಹೇಳುವುದರಲ್ಲಿ ಅರ್ಥವಿಲ್ಲ. ಮಾಳಿಗೆಗೆ ಮೆಟ್ಟಿಲಿದ್ದರೆ ಹಿಡಿದು ಹತ್ತುವ ಕಂಬಿ ಗಟ್ಟಿ ಇದೆಯೇ ಎಂದು ಮೊದಲು ನೋಡಿ. ತಲೆಗೆ ಟವಲ್ ಇರಲಿ, ಮುಖಕ್ಕೆ ಬಿಸಿಲು ಬೇಕೇಬೇಕೆಂದಿಲ್ಲ. ಬೇಸಿಗೆಯಲ್ಲಿ 9:15ರಿಂದ 9:45ರ ನಡುವೆ ಮುಗಿಸಿಬಿಡಬೇಕು. ಏಪ್ರಿಲ್, ಮೇ ಮಧ್ಯಾಹ್ನ ವಯಸ್ಸಾದವರನ್ನು ಡಿ ಆಸೆಗೆ ಬಿಸಿಲಲ್ಲಿ ಕೂರಿಸಿದರೆ ಎಲುಬಿಗಿಂತ ಮೊದಲು ಜೀವಕ್ಕೇ ಕುತ್ತು. ಬಾಯಾರಿಕೆ ತಿಳಿಯುವ ಶಕ್ತಿ ಆ ವಯಸ್ಸಿಗೆ ಮಂದವಾಗಿರುತ್ತದೆ. ಬಿಪಿಗೆ ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರ ಮೈಯಲ್ಲಿ ನೀರು ಇನ್ನೂ ಬೇಗ ಇಳಿಯುತ್ತದೆ. ಒಂದು ಸಮಾಧಾನವೆಂದರೆ ಬಿಸಿಲಿನಿಂದ ಡಿ ಅತಿಯಾಗುವುದಿಲ್ಲ. ಹೆಚ್ಚಾದದ್ದನ್ನು ಚರ್ಮವೇ ಕೆಲಸಕ್ಕೆ ಬಾರದ ಬೇರೆ ವಸ್ತುಗಳಾಗಿ ಒಡೆದುಹಾಕುತ್ತದೆ. ಅತಿಯಾಗುವ ಭಯ ಇರುವುದು ಔಷಧದಂಗಡಿಯ ಡಿ ಪ್ಯಾಕೆಟ್ಟಿನಲ್ಲಿ.

ಪ್ಯಾಕೆಟ್ಟಿಗೆ ಹೋಗುವ ಮೊದಲು ಕೊರತೆ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ನೋಡಬೇಕು, ಯಾಕೆಂದರೆ ಎರಡು ಬೇರೆ ಕಾಯಿಲೆಗಳನ್ನು ನಾವು 'ಎಲುಬು ಸವೆತ' ಎಂಬ ಒಂದೇ ಗಂಟಿಗೆ ಕಟ್ಟುತ್ತೇವೆ. ಮೊಣಕಾಲು ಸವೆತದ್ದು ಮೂರನೆಯದು, ಅದು ಕೀಲಿನ ಕಾಯಿಲೆ, ಇಲ್ಲಿಯ ಮಾತಲ್ಲ. ಮೊದಲನೆಯದು ಆಸ್ಟಿಯೊಪೊರೋಸಿಸ್: ಎಲುಬು ಒಳಗೆ ಟೊಳ್ಳಾಗುವುದು. ಮುರಿಯುವವರೆಗೂ ಅದು ನೋಯುವುದಿಲ್ಲ. ಎರಡನೆಯದು ಆಸ್ಟಿಯೊಮಲೇಸಿಯಾ: ಹೊಸ ಎಲುಬಿಗೆ ಸುಣ್ಣದಂಶ ಕೂರದೆ ಮೆತ್ತಗೆ ಉಳಿಯುವುದು. ಇದು ಡಿ ಕೊರತೆಯ ನೇರ ಫಲ, ಇದು ನೋಯುತ್ತದೆ. ಟೊಂಕ, ಪಕ್ಕೆಲುಬು, ತೊಡೆಯಲ್ಲಿ ಬಿಡದ ಮಂದ ನೋವು. ಮೊಣಕಾಲಿನ ಕೆಳಗಿನ ಮುಂದಿನ ಎಲುಬನ್ನು ಹೆಬ್ಬೆಟ್ಟಿನಿಂದ ಒತ್ತಿದರೆ ಚುರುಕ್ ಎನ್ನುವುದು. ಅದಕ್ಕಿಂತ ಮೊದಲು ಕಾಣುವುದು ತೊಡೆ, ಪೃಷ್ಠದ ಸ್ನಾಯುಗಳ ಸೋಲು. ನೆಲದ ಮೇಲೆ ಕೂತು ಉಣ್ಣುವ ನಮ್ಮ ಮನೆಗಳಲ್ಲಿ ಇದನ್ನು ಹಿಡಿಯುವುದು ಸುಲಭ. ಹೋದ ವರ್ಷ ಒಂದು ಕೈ ಊರಿ ಏಳುತ್ತಿದ್ದವರು ಈಗ ಎರಡೂ ಕೈ ಊರಿ, ಗೋಡೆ ಹಿಡಿದು ಏಳುತ್ತಿದ್ದರೆ, ನಡೆಯುವಾಗ ಬಾತುಕೋಳಿಯಂತೆ ಮೈ ಆ ಕಡೆ ಈ ಕಡೆ ತೂಗುತ್ತಿದ್ದರೆ "ವಯಸ್ಸಾಗ್ಯದ" ಎಂದು ಬಿಡಬಾರದು. ಮನೆಯಲ್ಲೇ ಒಂದು ಅಳತೆ ಮಾಡಬಹುದು: ಕೈಯಿಲ್ಲದ ಕುರ್ಚಿಯಿಂದ ಎದೆಯ ಮೇಲೆ ಕೈ ಕಟ್ಟಿಕೊಂಡು ಐದು ಸಲ ಎದ್ದು ಕೂರಲಿ. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಶಕ್ತಿ ಕುಂದಿದೆ.

ರಕ್ತಪರೀಕ್ಷೆಯಲ್ಲಿ ನೋಡಬೇಕಾದದ್ದು 25-ಹೈಡ್ರಾಕ್ಸಿ ವಿಟಮಿನ್ ಡಿ. ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಎನ್ನುವುದರಲ್ಲಿ ಹೆಚ್ಚು ಜಗಳವಿಲ್ಲ. 20ರಿಂದ 30ರ ನಡುವೆ ತಜ್ಞರಲ್ಲೇ ಒಮ್ಮತವಿಲ್ಲ. ಕೆಲವು ಲ್ಯಾಬುಗಳು ನ್ಯಾನೊಮೋಲ್‌ನಲ್ಲಿ ಬರೆಯುತ್ತವೆ, ಅದನ್ನು 2.5ರಿಂದ ಭಾಗಿಸಿ ಓದಬೇಕು. ನೋವು ಮತ್ತು ಸೋಲು ಎರಡೂ ಇದ್ದವರಿಗೆ ಡಿ ಒಂದನ್ನೇ ನೋಡಿ ಸುಮ್ಮನಾಗದೆ ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್ ಮಾಡಿಸಬೇಕು. ಆಲ್ಕಲೈನ್ ಫಾಸ್ಫಟೇಸ್ ಏರಿದ್ದು ಫಾಸ್ಫರಸ್ ಇಳಿದಿದ್ದರೆ ಎಲುಬು ಮೆತ್ತಗಾಗಿದೆ ಎಂದು ಅನುಮಾನಿಸಬೇಕು. ಬರೀ ಟೊಳ್ಳಾಗಿದ್ದರೆ ಇವೆಲ್ಲ ಸಾಮಾನ್ಯವಾಗಿ ಸರಿಯಾಗೇ ಇರುತ್ತವೆ. ಯಾವ ತೊಂದರೆಯೂ ಇಲ್ಲದವರು ವರ್ಷವರ್ಷ ಡಿ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ. ಅಮೆರಿಕದ ಎಂಡೋಕ್ರೈನ್ ಸೊಸೈಟಿ 2024ರಲ್ಲಿ ಇದನ್ನೇ ಹೇಳಿತು. 75 ದಾಟಿದವರಿಗೆ ಪರೀಕ್ಷೆ ಇಲ್ಲದೆಯೇ ಸಣ್ಣ ಪ್ರಮಾಣದಲ್ಲಿ ಡಿ ಕೊಡಬಹುದು ಎಂದೂ ಹೇಳಿತು. ಆ ಪರೀಕ್ಷೆಯ ದುಡ್ಡು, ಜಾರಿ ಬೀಳದಂತೆ ಬಚ್ಚಲಿಗೆ ಹಿಡಿಕೆ ಹಾಕಿಸಲು ಹೋದರೆ ಲಾಭ ಹೆಚ್ಚು.

ಈಗ ಪ್ಯಾಕೆಟ್ಟು. ಔಷಧದಂಗಡಿಯಲ್ಲಿ ಸಿಗುವ ಸಣ್ಣ ಪುಡಿ ಪ್ಯಾಕೆಟ್ ಅಥವಾ ಮೆತ್ತನೆ ಕ್ಯಾಪ್ಸೂಲಿನಲ್ಲಿ 60,000 ಯೂನಿಟ್ ಇರುತ್ತದೆ. ಸಂಖ್ಯೆ ದೊಡ್ಡದು, ವಸ್ತು ಸಣ್ಣದು: 40 ಯೂನಿಟ್ ಎಂದರೆ ಒಂದು ಮೈಕ್ರೊಗ್ರಾಂ, ಹಾಗಾಗಿ 60,000 ಎಂದರೆ ಒಂದೂವರೆ ಮಿಲಿಗ್ರಾಂ. ಹಿರಿಯರಿಗೆ ದಿನಕ್ಕೆ ಬೇಕಾದದ್ದು ಸುಮಾರು 800 ಯೂನಿಟ್. ಒಂದು ಪ್ಯಾಕೆಟ್ ಎಂದರೆ 75 ದಿನಗಳ ಪಾಲು. ಕೊರತೆ ಇದ್ದವರಿಗೆ ವಾರಕ್ಕೊಂದರಂತೆ 8 ವಾರ ಕೊಡುವುದು ರೂಢಿ, ಕೆಲವರಿಗೆ 12 ವಾರ. ಆಮೇಲೆ ದಿನಕ್ಕೆ 800ರಿಂದ 2000 ಯೂನಿಟ್‌ನ ಗುಳಿಗೆ, ಇಲ್ಲವೆ ತಿಂಗಳಿಗೊಂದು ಪ್ಯಾಕೆಟ್. ಕೊಬ್ಬಿನಲ್ಲಿ ಕರಗುವ ವಸ್ತು ಇದು, ಬರಿಹೊಟ್ಟೆಯಲ್ಲಿ ನೀರಿಗೆ ಹಾಕಿ ಕುಡಿದರೆ ಅರ್ಧಂಬರ್ಧ ಹೀರಿಕೆ. ದಿನದ ದೊಡ್ಡ ಊಟದ ಜೊತೆ, ಎಣ್ಣೆಗಾಯಿಯೋ ಶೇಂಗಾ ಹಿಂಡಿಯೋ ಇರುವ ಊಟದ ಜೊತೆ ಅಥವಾ ಕೆನೆಹಾಲಿನ ಜೊತೆ ತೆಗೆದುಕೊಳ್ಳಬೇಕು. ಮತ್ತೆ ಪರೀಕ್ಷೆ ಮೂರು ತಿಂಗಳಿಗೆ. ಅದಕ್ಕಿಂತ ಮೊದಲು ಮಾಡಿಸಿದರೆ ಸಂಖ್ಯೆ ಇನ್ನೂ ಏರುತ್ತಲೇ ಇರುತ್ತದೆ. ದಪ್ಪ ಮೈಯವರಲ್ಲಿ ಡಿ ಕೊಬ್ಬಿನೊಳಗೆ ಅಡಗಿ ಕೂರುವುದರಿಂದ ಅವರಿಗೆ ಎರಡು ಮೂರು ಪಟ್ಟು ಬೇಕಾಗಬಹುದು.

ತಪ್ಪು ನಡೆಯುವುದು 'ವಾರಕ್ಕೊಂದು' ಎಂಬ ಮಾತಿನಲ್ಲೇ. ಬೇರೆಲ್ಲ ಗುಳಿಗೆಗಳೂ ದಿನಾ ತೆಗೆದುಕೊಳ್ಳುವವು. ಚೀಟಿ ಓದಲಾಗದ ಹಿರಿಯರು ಇದನ್ನೂ ದಿನಾ ಹಾಲಿಗೆ ಬೆರೆಸಿ ಕುಡಿಯುತ್ತಾರೆ. ಎರಡು ತಿಂಗಳು ಹೀಗಾದರೆ 36 ಲಕ್ಷ ಯೂನಿಟ್. ಅಥವಾ 8 ವಾರ ಮುಗಿದ ಮೇಲೂ ಹಳೆ ಚೀಟಿ ತೋರಿಸಿ ವರ್ಷಗಟ್ಟಲೆ ವಾರವಾರ ತರುತ್ತಾರೆ. ಹೀಗೆ ಅತಿಯಾದ ಡಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿಸುತ್ತದೆ: ತಡೆಯಲಾಗದ ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ, ಓಕರಿಕೆ, ಮಂಕು, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು. ನಮ್ಮ ಕಡೆಯ ಬೇಸಿಗೆಯಲ್ಲಿ ಬಾಯಾರಿಕೆಯನ್ನು ಬಿಸಿಲಿಗೆ ಹಾಕುತ್ತಾರೆ, ಮಂಕನ್ನು ವಯಸ್ಸಿಗೆ ಹಾಕುತ್ತಾರೆ, ಮೂತ್ರವನ್ನು ಸಕ್ಕರೆ ಕಾಯಿಲೆಗೆ ಹಾಕುತ್ತಾರೆ. ಪ್ಯಾಕೆಟ್ ಮೇಲೆ ಯಾರ ಅನುಮಾನವೂ ಹೋಗುವುದಿಲ್ಲ. ಸರಳ ಉಪಾಯ: ಗೋಡೆಯ ಕ್ಯಾಲೆಂಡರಿನಲ್ಲಿ ಎಂಟು ಸೋಮವಾರಗಳಿಗೆ ಸುತ್ತು ಹಾಕಿ, ಪ್ರತಿ ಪ್ಯಾಕೆಟ್ಟಿಗೂ ಒಂದು ಗೆರೆ ಹೊಡೆಯುವುದು. ಪ್ಯಾಕೆಟ್ಟುಗಳು ಹಿರಿಯರ ಗುಳಿಗೆ ಡಬ್ಬಿಯಲ್ಲಿ ಇರುವುದು ಬೇಡ, ಬೇರೆಯವರ ಕೈಯಲ್ಲಿರಲಿ.

ದೊಡ್ಡ ಡೋಸು ಒಮ್ಮೆಗೇ ಕೊಟ್ಟುಬಿಟ್ಟರೆ ನೆನಪಿಡುವ ಗೋಜಿಲ್ಲವಲ್ಲ ಎಂದು 6 ಲಕ್ಷ ಯೂನಿಟ್‌ನ ಸೂಜಿ ಹಾಕುವುದುಂಟು. ಇದರ ಬಗ್ಗೆ ಎಚ್ಚರ ಬೇಕು. ಆಸ್ಟ್ರೇಲಿಯದಲ್ಲಿ 70 ದಾಟಿದ 2,256 ಹೆಂಗಸರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಬಾಯಿಂದ ಕೊಟ್ಟರು. ಡಿ ಪಡೆದವರು ಪಡೆಯದವರಿಗಿಂತ ಶೇ 15ರಷ್ಟು ಹೆಚ್ಚು ಬಿದ್ದರು, ಶೇ 26ರಷ್ಟು ಹೆಚ್ಚು ಎಲುಬು ಮುರಿದುಕೊಂಡರು. ಬೀಳುವುದು ಹೆಚ್ಚಾದದ್ದು ಮುಖ್ಯವಾಗಿ ಡೋಸಿನ ನಂತರದ ಮೂರು ತಿಂಗಳಲ್ಲಿ. ಇನ್ನೊಂದು ತುದಿಗೆ, ಅಮೆರಿಕದಲ್ಲಿ 25,871 ಮಂದಿ ಸೇರಿದ್ದ ಅಧ್ಯಯನದ ಎಲುಬಿನ ಫಲಿತಾಂಶ 2022ರಲ್ಲಿ ಬಂತು: ಹೆಚ್ಚಿನವರಲ್ಲಿ ಕೊರತೆಯೇ ಇಲ್ಲದ ಆ ಗುಂಪಿಗೆ ದಿನಾ 2000 ಯೂನಿಟ್ ಕೊಟ್ಟರೂ ಮುರಿತ ಕಡಿಮೆಯಾಗಲಿಲ್ಲ. ಹಾಗಾದರೆ ಡಿ ಸುಳ್ಳೇ? 1992ರ ಫ್ರಾನ್ಸಿನ ಅಧ್ಯಯನ ನೋಡಬೇಕು. ವೃದ್ಧಾಶ್ರಮಗಳಲ್ಲಿದ್ದ, ಸರಾಸರಿ 84 ವಯಸ್ಸಿನ 3,270 ಹೆಂಗಸರು ಅದರಲ್ಲಿದ್ದರು. ದಿನಾ 800 ಯೂನಿಟ್ ಡಿ ಮತ್ತು 1200 ಮಿಲಿಗ್ರಾಂ ಕ್ಯಾಲ್ಸಿಯಂ ಪಡೆದವರಲ್ಲಿ ಒಂದೂವರೆ ವರ್ಷದಲ್ಲಿ ಸೊಂಟದ ಮುರಿತ ಶೇ 43ರಷ್ಟು ಕಡಿಮೆ. ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಗೊತ್ತಾಗುವುದು: ಕೊರತೆ ಇದ್ದವರಿಗೆ, ಸಣ್ಣ ಪ್ರಮಾಣದಲ್ಲಿ, ದಿನಾ, ಕ್ಯಾಲ್ಸಿಯಂ ಜೊತೆ ಕೊಟ್ಟರೆ ಉಪಯೋಗ. 'ಕ್ಯಾಲ್ಸಿಯಂ ಜೊತೆ' ಎಂಬ ಎರಡು ಪದವನ್ನೇ ನಾವು ಮರೆಯುವುದು.

ಒಂದು ಮಾತು ಔಷಧದಂಗಡಿಯವರಿಗೂ ಮುಟ್ಟಲಿ. ಕ್ಯಾಲ್ಸಿಟ್ರಿಯಾಲ್ ಎಂಬುದೂ ಡಿ ಬಳಗದ್ದೇ, ಆದರೆ ಅದು ಮೂತ್ರಪಿಂಡ ತಯಾರಿಸುವ ಕೊನೆಯ ಹಂತದ ರೂಪ, ಮುಖ್ಯವಾಗಿ ಮೂತ್ರಪಿಂಡ ಸೋತವರಿಗೆ. ಅನೇಕ ಕ್ಯಾಲ್ಸಿಯಂ ಕ್ಯಾಪ್ಸೂಲುಗಳಲ್ಲಿ 0.25 ಮೈಕ್ರೊಗ್ರಾಂ ಕ್ಯಾಲ್ಸಿಟ್ರಿಯಾಲ್ ಸೇರಿರುತ್ತದೆ. ಅಂಥ ಕ್ಯಾಪ್ಸೂಲನ್ನು ಲೆಕ್ಕವಿಲ್ಲದೆ ನುಂಗಿದರೆ ಕ್ಯಾಲ್ಸಿಯಂ ಬೇಗ ಏರುತ್ತದೆ, ಡಿ ಪರೀಕ್ಷೆಯಲ್ಲಿ ಮಾತ್ರ ಅದರ ಸುಳಿವೇ ಸಿಗುವುದಿಲ್ಲ. ಡಬ್ಬಿಯ ಹಿಂದೆ ಮಾಮೂಲಿ ಡಿ ಹೆಸರಾದ ಕೊಲೆಕ್ಯಾಲ್ಸಿಫೆರಾಲ್ ಅಥವಾ ಡಿ3 ಎಂದಿದೆಯೇ ಎಂದು ನೋಡಿ ಕೊಳ್ಳುವುದು ಒಳ್ಳೆಯದು.

ಇನ್ನು ಕ್ಯಾಲ್ಸಿಯಂ. ಇಲ್ಲಿ ನಮ್ಮ ಭಾಗಕ್ಕೆ ಒಂದು ವಿಶೇಷ ತೊಡಕಿದೆ, ಬೆಂಗಳೂರಿನ ಆಹಾರ ಸಲಹೆಗಳಲ್ಲಿ ಅದು ಕಾಣುವುದಿಲ್ಲ. ದಕ್ಷಿಣದವರು ಉಣ್ಣುವ ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ನಾವು ಉಣ್ಣುವ ಜೋಳದಲ್ಲಿ 30ಕ್ಕಿಂತ ಕಡಿಮೆ. ಹತ್ತರಲ್ಲಿ ಒಂದು ಪಾಲೂ ಇಲ್ಲ. ಜೋಳದ ರೊಟ್ಟಿ ಗಟ್ಟಿ ಊಟ, ಸಕ್ಕರೆ ಕಾಯಿಲೆಗೂ ಅಕ್ಕಿಗಿಂತ ವಾಸಿ, ಅದರ ಮರ್ಯಾದೆ ತೆಗೆಯುವ ಉದ್ದೇಶವಿಲ್ಲ. ಆದರೆ ಎಲುಬಿನ ಲೆಕ್ಕದಲ್ಲಿ ರೊಟ್ಟಿ ಸೊನ್ನೆಯ ಪಕ್ಕದಲ್ಲೇ ಕೂರುತ್ತದೆ. ಒಬ್ಬ ಹಿರಿಯರ ದಿನ ಎಣಿಸೋಣ. ಮೂರು ರೊಟ್ಟಿಗೆ 180 ಗ್ರಾಂ ಹಿಟ್ಟು: 50 ಮಿಲಿಗ್ರಾಂ. ತೊಗರಿಬ್ಯಾಳಿ 40 ಗ್ರಾಂ: 30ರಿಂದ 50. ಒಂದು ಬಟ್ಟಲು ಪುಂಡಿಪಲ್ಯ: 80 ಚಿಲ್ಲರೆ. ಎರಡು ಕಪ್ ಚಹಾದೊಳಗಿನ 100 ಮಿಲಿ ಹಾಲು: 120. ನೀರು ಮಜ್ಜಿಗೆ ಒಂದು ಲೋಟ: 60. ಎಲ್ಲ ಕೂಡಿ 350ರ ಆಸುಪಾಸು. ಬೇಕಾದದ್ದು 1000ದಿಂದ 1200.

ಉಳಿದ ಏಳೆಂಟು ನೂರನ್ನು ಗುಳಿಗೆ ಇಲ್ಲದೆಯೂ ತುಂಬಬಹುದು. 200 ಮಿಲಿ ಹಾಲು 240 ಕೊಡುತ್ತದೆ. 150 ಗ್ರಾಂ ಗಟ್ಟಿ ಮೊಸರು 220. ಪಾಲಿಷ್ ಮಾಡದ ಎಳ್ಳು ಹುರಿದು ಕುಟ್ಟಿದ ಹಿಂಡಿ 10 ಗ್ರಾಂ, ಅಂದರೆ ರೊಟ್ಟಿಗೆ ಹಚ್ಚಿಕೊಳ್ಳುವಷ್ಟು, 120. ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಕ್ಯಾಲ್ಸಿಯಂ ಬಹುಪಾಲು ಸಿಪ್ಪೆಯೊಂದಿಗೇ ಹೋಗಿರುತ್ತದೆ. ಗುರೆಳ್ಳು ಹಿಂಡಿಯಲ್ಲೂ ಇದೆ, ಎಳ್ಳಿನ ಕಾಲು ಪಾಲಿನಷ್ಟು. ಬೆಳಿಗ್ಗೆ 50 ಗ್ರಾಂ ರಾಗಿಹಿಟ್ಟಿನ ಅಂಬಲಿ ಮಾಡಿದರೆ 180. ಹಿಟ್ಟನ್ನು ರಾತ್ರಿಯೇ ಮಜ್ಜಿಗೆಯಲ್ಲಿ ಕಲಸಿ ಹುಳಿ ಬರಿಸಿದರೆ ಕ್ಯಾಲ್ಸಿಯಮ್ಮನ್ನು ಹಿಡಿದಿಡುವ ಫೈಟೇಟ್ ಒಡೆಯುತ್ತದೆ. ನುಗ್ಗೆಸೊಪ್ಪು ಹಿತ್ತಲಲ್ಲಿದ್ದರೆ ಇನ್ನೂ ಒಳ್ಳೆಯದು. ಸಂಕ್ರಾಂತಿಯ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡುತ್ತೇವಲ್ಲ, ಆ ಎಳ್ಳನ್ನು ಜೋಳದ ರೊಟ್ಟಿಗೂ ವರ್ಷಪೂರ್ತಿ ಹಚ್ಚಬಾರದೆಂದು ಯಾರೂ ಹೇಳಿಲ್ಲ.

ಹಾಲು, ಎಣ್ಣೆ ಕೊಳ್ಳುವಾಗ ಪ್ಯಾಕೆಟ್ಟಿನ ಮೇಲೆ '+ಎಫ್' ಗುರುತು ಹುಡುಕಿ. ಅಂಥ ಹಾಲಿಗೆ ಲೀಟರಿಗೆ 200ರಿಂದ 300 ಯೂನಿಟ್ ಡಿ ಬೆರೆಸಿರುತ್ತಾರೆ, ಎಣ್ಣೆಗೂ ಸೇರಿಸಿರುತ್ತಾರೆ. ಲೋಟಕ್ಕೆ 50 ಯೂನಿಟ್ ಬಂದರೆ ಹೆಚ್ಚು. ಮೊಟ್ಟೆಯ ಹಳದಿಯಲ್ಲೂ ಸುಮಾರು ಅಷ್ಟೇ. ಊಟದಿಂದಲೇ ಡಿ ತುಂಬುತ್ತೇವೆ ಎನ್ನುವುದು ಆಗದ ಮಾತು. ವಾಟ್ಸ್ಆ್ಯಪಿನಲ್ಲಿ ಓಡಾಡುವ 'ಗೋಧಿಕಾಳಿನಷ್ಟು ಸುಣ್ಣ ತಿನ್ನಿ' ಎಂಬುದನ್ನಂತೂ ಕೈಬಿಡಿ. ತಾಂಬೂಲದ ಸುಣ್ಣ ಸುಡುವ ಕ್ಷಾರ, ಅಳತೆಗೆ ಸಿಗದು. ಅದರ ಜೊತೆ ಹೋಗುವ ತಂಬಾಕು ಎಲುಬಿಗೇ ವೈರಿ.

ಗುಳಿಗೆಯೇ ಬೇಕಾದರೆ ಚೀಟಿ ಓದುವ ಕಲೆ ಬೇಕು. ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ ಎಂದಿದ್ದರೆ ಅದರಲ್ಲಿ ಕ್ಯಾಲ್ಸಿಯಂ 500 ಮಾತ್ರ. ಒಂದೇ ಸಲಕ್ಕೆ 500ಕ್ಕಿಂತ ಹೆಚ್ಚು ಕರುಳು ಚೆನ್ನಾಗಿ ಹೀರುವುದಿಲ್ಲ, ಎರಡು ಗುಳಿಗೆ ಒಟ್ಟಿಗೆ ನುಂಗುವುದು ದಂಡ. ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು, ಊಟದ ಜೊತೆಗೇ ತೆಗೆದುಕೊಳ್ಳಬೇಕು. ದಿನಾ ಬೆಳಿಗ್ಗೆ ಗ್ಯಾಸಿನ ಗುಳಿಗೆ ನುಂಗುವವರಿಗೆ ಆ ಆಮ್ಲ ಬಹಳ ಕಡಿಮೆ ಇರುತ್ತದೆ. ಅವರಿಗೆ ಸಿಟ್ರೇಟ್ ರೂಪ ವಾಸಿ. ಥೈರಾಯ್ಡ್ ಗುಳಿಗೆಗೂ ಇದಕ್ಕೂ ನಾಲ್ಕು ತಾಸು ಅಂತರ, ಕಬ್ಬಿಣದ ಗುಳಿಗೆಗೆ ಎರಡು ತಾಸು. ಕಿಡ್ನಿ ಕಲ್ಲಿನ ಭಯಕ್ಕೆ ಹಾಲು ಬಿಡುವವರಿದ್ದಾರೆ, ಅದು ತಿರುಗುಮುರುಗು: ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಕಲ್ಲನ್ನು ಕಡಿಮೆ ಮಾಡುತ್ತದೆ. ಬರಿಹೊಟ್ಟೆಯ ಗುಳಿಗೆಯೇ ಕಲ್ಲಿಗೆ ದಾರಿ.

ಕಲಬುರಗಿ, ಯಾದಗಿರಿ ಜಿಲ್ಲೆಗಳ ಕೆಲವು ಹಳ್ಳಿಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಕುಡಿದವರ ಬೆನ್ನು, ಕುತ್ತಿಗೆ ಬಿಗಿಯುತ್ತದೆ. ಅಂಥವರ ಎಲುಬು, ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಗಟ್ಟಿಯಾಗಿ ಕಾಣಬಹುದು, ಸಾಂದ್ರತೆ ಏರಿರುತ್ತದೆ, ತಾಕತ್ತು ಇರುವುದಿಲ್ಲ. ಕ್ಯಾಲ್ಸಿಯಂ ಕೊರತೆ ಇದ್ದಲ್ಲಿ ಫ್ಲೋರೈಡಿನ ಹಾವಳಿ ಹೆಚ್ಚು. ಡಿ ಕೊಟ್ಟರೂ ಬಿಗಿತ ಹೋಗದ ಹಿರಿಯರ ಊರಿನ ನೀರನ್ನು ಪರೀಕ್ಷೆಗೆ ಕಳಿಸುವುದು ಸ್ಕ್ಯಾನಿಗಿಂತ ಅಗ್ಗ.

ಇನ್ನೊಂದು ಕಳ್ಳ, ಹೆಸರಿಲ್ಲದ ಗುಳಿಗೆ. ಮೊಣಕಾಲು ನೋವಿಗೆ ಪೊಟ್ಟಣದಲ್ಲಿ ಕಟ್ಟಿಕೊಡುವ ಬಿಡಿ ಗುಳಿಗೆ ಎರಡೇ ದಿನದಲ್ಲಿ ಜಾದೂ ಮಾಡಿದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ದೊಡ್ಡದು. ಪ್ರೆಡ್ನಿಸೊಲೋನ್ ದಿನಕ್ಕೆ 5 ಮಿಲಿಗ್ರಾಂ ಮೂರು ತಿಂಗಳು ಹೋದರೂ ಎಲುಬು ಟೊಳ್ಳಾಗಲು ಸಾಕು. ಮುಖ ದುಂಡಗಾಗಿ, ಚರ್ಮ ಕಾಗದದಂತಾಗಿ, ಸಕ್ಕರೆ ಏರಿದ್ದರೆ ಅನುಮಾನಿಸಿ. ಒಮ್ಮೆಲೇ ನಿಲ್ಲಿಸುವುದೂ ಅಪಾಯ, ವೈದ್ಯರ ಬಳಿ ಇಳಿಸುತ್ತ ಬರಬೇಕು.

ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಹಚ್ಚಿ ಹೇಳುವ ಸಂಖ್ಯೆ ಜರಡಿ ಮಾತ್ರ. ನಿರ್ಣಯಕ್ಕೆ ಸೊಂಟ ಮತ್ತು ಬೆನ್ನಿನ ಡೆಕ್ಸಾ ಬೇಕು. ಅದರಲ್ಲಿ ಟಿ-ಸ್ಕೋರ್, ಅಂದರೆ ಹರೆಯದ ಎಲುಬಿಗೆ ಹೋಲಿಸಿ ಕೊಡುವ ಅಂಕ, ಮೈನಸ್ 2.5 ಅಥವಾ ಅದಕ್ಕೂ ಕೆಳಗೆ ಇದ್ದರೆ ಆಸ್ಟಿಯೊಪೊರೋಸಿಸ್. ಸ್ಕ್ಯಾನ್ ಇಲ್ಲದೆಯೂ ಗೊತ್ತಾಗುವ ಗುರುತುಗಳಿವೆ: ಹರೆಯದ ಎತ್ತರಕ್ಕಿಂತ ಒಂದೂವರೆ ಇಂಚು ಕುಗ್ಗಿರುವುದು, ಬೆನ್ನು ಗೂನಾಗಿರುವುದು, ನಿಂತಲ್ಲಿಂದ ಬಿದ್ದು ಮಣಿಕಟ್ಟು ಮುರಿದಿರುವುದು. ಔಷಧ ಶುರುವಾದರೆ ವಾರಕ್ಕೊಮ್ಮೆಯ ಅಲೆಂಡ್ರೊನೇಟ್ 70 ಮಿಲಿಗ್ರಾಂ ಸಾಮಾನ್ಯ. ಇದರ ಶಿಸ್ತು ಕಠಿಣ: ಬರಿಹೊಟ್ಟೆ, ಒಂದು ಲೋಟ ಬರೀ ನೀರು, ಆಮೇಲೆ ಅರ್ಧ ತಾಸು ನೆಟ್ಟಗೆ ಕೂತಿರಬೇಕು ಅಥವಾ ನಿಂತಿರಬೇಕು. ಚಹಾದ ಜೊತೆ ನುಂಗಿದರೆ ಔಷಧ ಹೀರುವುದೇ ಇಲ್ಲ, ನುಂಗಿ ಮಲಗಿದರೆ ಅನ್ನನಾಳ ಸುಡುತ್ತದೆ. ಬೆಳಿಗ್ಗೆ ಎದ್ದೊಡನೆ ಚಹಾ ಬೇಕೆನ್ನುವವರಿಗೆ ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಝೊಲೆಡ್ರಾನಿಕ್ ಆಮ್ಲ 5 ಮಿಲಿಗ್ರಾಂ ಅನುಕೂಲ. ಅದಕ್ಕೆ ಮೊದಲು ಡಿ ಕೊರತೆ ತುಂಬಿರಲೇಬೇಕು, ಇಲ್ಲವಾದರೆ ರಕ್ತದ ಕ್ಯಾಲ್ಸಿಯಂ ಕುಸಿದು ಕೈಕಾಲು ಸೆಟೆಯಬಹುದು. ಆರು ತಿಂಗಳಿಗೊಮ್ಮೆಯ ಡೆನೊಸುಮ್ಯಾಬ್ ಸೂಜಿಯನ್ನು ತಪ್ಪಿಸಿದರೆ ಬೆನ್ನೆಲುಬುಗಳು ಒಂದರ ಹಿಂದೊಂದು ಕುಸಿಯಬಹುದು. ಬಿಡದೆ ಮುಂದುವರಿಸುವ ಖಾತ್ರಿ ಇಲ್ಲದವರು ಅದನ್ನು ಶುರು ಮಾಡದಿರುವುದೇ ಸರಿ.

ಇಷ್ಟೆಲ್ಲ ಆದರೂ ಎಲುಬು ತಾನಾಗಿ ಮುರಿಯುವುದು ಅಪರೂಪ. ಬಿದ್ದಾಗ ಮುರಿಯುತ್ತದೆ, ಬೀಳುವುದು ಹೆಚ್ಚಾಗಿ ಮನೆಯಲ್ಲೇ. ನಮ್ಮ ಮನೆಗಳ ನೆಲ ಶಹಾಬಾದ್ ಫರಸಿ. ಬೇಸಿಗೆಗೆ ತಂಪು, ಒಣಗಿದ್ದಾಗ ನಿರಪಾಯ. ವರ್ಷಗಳ ತುಳಿತಕ್ಕೆ ನುಣುಪಾದ ಮೇಲೆ, ಸಾಬೂನಿನ ನೀರು ಬಿದ್ದರೆ ಜಾರುಬಂಡೆ. ಬಚ್ಚಲಿನ ಫರಸಿಗೆ ಕಲ್ಲುಕೆಲಸದವರಿಂದ ಉಳಿಯಲ್ಲಿ ಕಚ್ಚು ಹೊಡೆಸಬೇಕು. ಹೊಸದಾಗಿ ಹಾಕುವವರು ಒರಟು ಮೈಯ ಕಲ್ಲನ್ನೇ ಆರಿಸಬೇಕು. ಗೋಣಿಚೀಲ ಹಾಸುವುದು ಬೇಡ, ಅದೇ ಕಾಲಿಗೆ ಸುತ್ತಿಕೊಳ್ಳುತ್ತದೆ. ಗೋಡೆಗೆ ಸೊಂಟದೆತ್ತರದಲ್ಲಿ ಕಬ್ಬಿಣದ ಹಿಡಿಕೆ, ಸ್ಕ್ರೂ ಗಾರೆಗೆ ಮಾತ್ರ ಕೂತಿದ್ದರೆ ಸಾಲದು, ಇಟ್ಟಿಗೆಯವರೆಗೆ ಹೋಗಿರಬೇಕು. ಕೂತು ಸ್ನಾನ ಮಾಡಲು 45 ಸೆಂಟಿಮೀಟರ್ ಎತ್ತರದ ಸ್ಟೂಲು. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿಯೆಲ್ಲ ಒಂದು ಝೀರೋ ಬಲ್ಬು, ಕರೆಂಟ್ ಹೋದರೆ ಕೈಗೆಟುಕುವಂತೆ ಬ್ಯಾಟರಿ. ಹೊಸ್ತಿಲಿಗೆ ಬಿಳಿ ಬಣ್ಣದ ಪಟ್ಟಿ, ಮಬ್ಬುಗಣ್ಣಿಗೂ ಕಾಣುವಂತೆ. ಪೊರೆ ಬಂದಿದ್ದರೆ ಆಪರೇಷನ್ ಮುಂದೂಡಬಾರದು. ಬಿಪಿ ಗುಳಿಗೆ ತಿನ್ನುವವರು ಎದ್ದೊಡನೆ ನಡೆಯದೆ ಮಂಚದ ಅಂಚಿಗೆ ಒಂದು ನಿಮಿಷ ಕೂರಬೇಕು.

ಕಾಲಿನ ಶಕ್ತಿಗೆ ಕುರ್ಚಿಯಿಂದ ಹತ್ತು ಸಲ ಏಳುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಒಂಟಿ ಕಾಲ ಮೇಲೆ ಹತ್ತು ಎಣಿಸುವುದು, ದಿನಕ್ಕೆರಡು ಹೊತ್ತು. ಬೆನ್ನೆಲುಬು ಕುಸಿದವರು ಮುಂದೆ ಬಾಗುವ ಆಸನ ಮಾಡಬಾರದು, ತುಂಬಿದ ಕೊಡ ಎತ್ತಬಾರದು.

ಬಿದ್ದೇಬಿಟ್ಟರೆ ಮೊದಲು ಕಾಲು ನೋಡಿ. ಒಂದು ಕಾಲು ಗಿಡ್ಡಾಗಿ ಪಾದ ಹೊರಗೆ ತಿರುಗಿದ್ದರೆ ಸೊಂಟದ ಕೀಲಿನಲ್ಲಿ ಮುರಿದಿದೆ. ಎಬ್ಬಿಸಿ ನಿಲ್ಲಿಸಬೇಡಿ, ಎಣ್ಣೆ ತಿಕ್ಕಬೇಡಿ, ಎಳೆದು ಕೂರಿಸುವವರ ಬಳಿ ಒಯ್ಯಬೇಡಿ. ಎರಡು ಕಾಲುಗಳ ನಡುವೆ ದಿಂಬಿಟ್ಟು ಸಡಿಲವಾಗಿ ಕಟ್ಟಿ, ಮಲಗಿದಂತೆಯೇ ಹಲಗೆಯ ಮೇಲೆ ಸರಿಸಿ, 108ಕ್ಕೆ ಫೋನ್ ಮಾಡಿ. ತಿನ್ನುವ ಎಲ್ಲ ಗುಳಿಗೆಗಳ ಪಟ್ಟಿಗಳನ್ನೂ ಜೊತೆಗೊಯ್ಯಿರಿ, ರಕ್ತ ತೆಳುವಾಗಿಸುವುದು ಇದ್ದರೆ ಮೊದಲೇ ಹೇಳಿ. ಕಲಬುರಗಿ, ಬೀದರ್, ಯಾದಗಿರಿ ಮೂರರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. 48 ತಾಸಿನೊಳಗೆ ಆಪರೇಷನ್ ಆದರೆ ಮರುದಿನವೇ ಎಬ್ಬಿಸಿ ನಡೆಸುತ್ತಾರೆ. "ಈ ವಯಸ್ಸಿಗ್ಯಾಕ ಆಪರೇಷನ್" ಎಂದು ಮಂಚಕ್ಕೆ ಹಾಕಿದರೆ ಬೆನ್ನಿಗೆ ಹುಣ್ಣು, ಎದೆಗೆ ಕಫ, ಕಾಲಿಗೆ ರಕ್ತ ಹೆಪ್ಪು.

ಡಿಸ್ಚಾರ್ಜ್ ದಿನ ಎಲ್ಲರ ಕಣ್ಣು ಹೊಲಿಗೆಯ ಮೇಲೆ, ಬಿಲ್ಲಿನ ಮೇಲೆ. ನಿಂತಲ್ಲಿಂದ ಬಿದ್ದು ಸೊಂಟ ಮುರಿದಿದ್ದರೆ ಎಲುಬು ಟೊಳ್ಳಾಗಿದೆ ಎನ್ನಲು ಬೇರೆ ಸ್ಕ್ಯಾನ್ ಬೇಕಿಲ್ಲ, ಔಷಧ ಅಲ್ಲಿಂದಲೇ ಶುರುವಾಗಬೇಕು. ರಾಡು ಹಾಕಿದ್ದು ಒಂದೇ ಕಾಲಿಗೆ, ಇನ್ನೊಂದು ಕಾಲಿನ ಎಲುಬೂ ಅದೇ ವಯಸ್ಸಿನದು. ಚೀಟಿಯಲ್ಲಿ ಡಿ, ಕ್ಯಾಲ್ಸಿಯಂ ಮತ್ತು ಎಲುಬಿನ ಔಷಧ ಮೂರೂ ಇವೆಯೇ, ಯಾವುದು ದಿನಕ್ಕೊಂದು, ಯಾವುದು ವಾರಕ್ಕೊಂದು, ಯಾವ ತಾರೀಖಿಗೆ ಮತ್ತೆ ಬರಬೇಕು ಎಂದು ಕನ್ನಡದಲ್ಲಿ ಬರೆಸಿಕೊಂಡೇ ಅಲ್ಲಿಂದ ಹೊರಡಿ.